ಸಗಣಿ ಗ್ಯಾಸಿನ ಮೈಲಿಗೆ

ನಮ್ಮ ಮನೆಗೊಬ್ಬರು ಯಜಮಾನರಿದ್ದರು. ನನ್ನ ಮಾವನ ಅಣ್ಣ, ನನಗೆ ದೊಡ್ಡ ಮಾವ. ತೊಂಬತ್ತರ ದಶಕದಲ್ಲಿ ಕರೆಂಟಿನ ದರ ಏರಿದಾಗಲೆಲ್ಲ ಆ ಮಹಾಶಯರು ನಡುಮನೆಯ ಮೀಟರಿನ ಮುಂದೆ ಕೈಕಟ್ಟಿ ನಿಂತು ಅದರೊಳಗಿನ ಚಕ್ರ ತಿರುಗುವುದನ್ನೇ ನೋಡುತ್ತಿದ್ದರು. ದೇವರ ಮುಂದೆಯೂ ಅಷ್ಟು ಭಕ್ತಿಯಿಂದ ನಿಂತವರಲ್ಲ. ಚಕ್ರ ಜೋರಾಯಿತು ಅನ್ನಿಸಿದರೆ ಸೀದಾ ಅಡುಗೆಮನೆಗೆ ನುಗ್ಗಿ ಬಲ್ಬು ಬಿಚ್ಚಿಕೊಂಡು ಹೋಗುವುದು. ಜಗಲಿಯ ಬಲ್ಬಿಗೆ ಮಾತ್ರ ಕೈ ಹಚ್ಚುತ್ತಿರಲಿಲ್ಲ, ಅಲ್ಲಿ ಅವರ ಇಸ್ಪೀಟು ನಡೆಯಬೇಕಲ್ಲ!

ನಾನು ಶ್ರೀರಂಗಪಟ್ಟಣದಿಂದ ಪಾಂಡವಪುರದ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬರುವಾಗ ಅಪ್ಪ ಒಂದು ಕರೆಂಟ್ ಒಲೆ ಕೊಡಿಸಿದ್ದರು. ಸೌದೆ ಒಲೆಯ ಹೊಗೆಗೆ ಅತ್ತೆಯ ಕಣ್ಣು ಸದಾ ಕೆಂಪು, ಎದೆಯಲ್ಲಿ ಗೊರಗೊರ. ನನ್ನ ಒಲೆ ಬಂದ ಮೇಲೆ ಬೆಳಗಿನ ಕಾಫಿ ತಿಂಡಿಯಾದರೂ ಹೊಗೆಯಿಲ್ಲದೆ ಆಗುತ್ತಿತ್ತು. ಮತ್ತೆ ದರ ಏರಿತು ನೋಡಿ, ಒಲೆ ಮಾಯ! ಅದು ಗದ್ದೆಯ ಪಂಪ್‌ಸೆಟ್ಟಿನ ಕೋಣೆ ಸೇರಿದೆ ಎಂದು ಆಮೇಲೆ ಗೊತ್ತಾಯಿತು. ಪಂಪ್‌ಸೆಟ್ಟಿನ ಕರೆಂಟಿಗೆ ಬಿಲ್ಲಿಲ್ಲವಲ್ಲ. ನನ್ನ ತವರಿನ ಒಲೆಯ ಮೇಲೆ ಅಲ್ಲಿ ಗಂಡಸರಿಗೆ ಕೋಳಿ ಸಾರು ಕುದಿಯುತ್ತಿತ್ತು. ಥೂ! ಪುಕ್ಕಟೆ ಸಿಕ್ಕಿದ್ದೆಲ್ಲ ಅವರಿಗೆ, ಉಳಿತಾಯ ಮಾಡುವ ಪುಣ್ಯವೆಲ್ಲ ನಮಗೆ.

ಪಾಂಡವಪುರದ ಆಸ್ಪತ್ರೆಯಲ್ಲಿ ಡಾಕ್ಟರು ಅತ್ತೆಯ ಎದೆ ನೋಡಿ, ಇನ್ನು ಹೊಗೆಯ ಹತ್ತಿರ ಸುಳಿಯಬೇಡಿ, ಹೀಗೇ ಬಿಟ್ಟರೆ ಉಸಿರಿಗೇ ಕುತ್ತು ಎಂದರು. ಅದನ್ನು ಹೇಳಿದರೆ ದೊಡ್ಡ ಮಾವ, "ಒಗೆ ಬ್ಯಾಡ ಅಂದ್ರೆ ಮುದ್ದೆ ಯಾರ್ ತೊಳಸ್ತಾರೆ? ಆ ಡಾಕ್ಟ್ರು ಬತ್ತಾನಾ?" ಎಂದರು. ಸಿಲಿಂಡರ್ ಗ್ಯಾಸು ನಮ್ಮ ಕೈಗೆಟುಕುವ ಮಾತಾಗಿರಲಿಲ್ಲ. ನನ್ನ ಮಾವ ಒಳ್ಳೆಯವರೇ, ಆದರೆ ಅಣ್ಣನ ಎದುರು ಬಾಯಿಲ್ಲ. ಅತ್ತೆಯಂತೂ ಮದುವೆಯಾದಂದಿನಿಂದ ಭಾವನ ಜೊತೆ ಮಾತೇ ಆಡಿದವರಲ್ಲ. ಗಂಡನ ಅಣ್ಣನ ಎದುರು ನಿಲ್ಲಬಾರದು, ಏನಿದ್ದರೂ ಬಾಗಿಲ ಮರೆಯಿಂದ ಇನ್ನೊಬ್ಬರ ಕೈಲಿ ಹೇಳಿಸಬೇಕು. ಅದು ಮನೆಯ ಪದ್ಧತಿ.

ಆಗ ಬಂತು ಗೋಬರ್ ಗ್ಯಾಸು. ಕೆ.ಆರ್. ಪೇಟೆ ಕಡೆಯ ನೆಂಟರ ಮನೆಯಲ್ಲಿ ಕಂಡು, ಸರ್ಕಾರದ ಸಬ್ಸಿಡಿ ಸಿಗುತ್ತದೆಂದು ತಿಳಿದು, ದೊಡ್ಡ ಮಾವ ಹಿತ್ತಲಲ್ಲಿ ಗುಂಡಿ ತೋಡಿಸಿದರು. ದಿನಾ ಬೆಳಿಗ್ಗೆ ಸಗಣಿ ಹೊತ್ತು, ನೀರಲ್ಲಿ ಕಲಸಿ ತೊಟ್ಟಿಗೆ ಸುರಿದವರು ಅತ್ತೆ ಮತ್ತು ನಾನು. ಅಡುಗೆಮನೆಗೆ ಪೈಪು ಬಂತು, ಒಲೆಯೂ ಬಂತು. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ ಒರೆಸಿ ಇಟ್ಟರು.

ಹಚ್ಚುವ ದಿನ ತಮ್ಮನಿಗೆ ಯಜಮಾನರ ಅಪ್ಪಣೆಯಾಯಿತು: "ಸಗಣಿ ಗ್ಯಾಸಲ್ಲಿ ಬೇಸಿದ್ನ ದ್ಯಾವ್ರಿಗೆ ಎಡೆ ಇಕ್ಕಾರೇನ್ಲಾ? ಮೈಲ್ಗೆ ಕಣ್ಲಾ! ಒಲೆನ ಅಟ್ಟಕ್ಕಾಕು."

ದೇವರಿಗೆ ಆಗದ್ದು ಇಸ್ಪೀಟಿಗೆ ಆಯಿತು. ಅದೇ ಗ್ಯಾಸನ್ನು ಜಗಲಿಗೆ ಎಳೆಸಿ, ಬುಸ್ಸೆನ್ನುವ ಒಂದು ದೀಪ ತೂಗುಹಾಕಿಸಿದರು. ಕರೆಂಟು ಹೋದರೂ ಬೆಳಕು, ಬಿಲ್ಲೂ ಇಲ್ಲ. ಮಾಡೋದು ಅನಾಚಾರ, ಮನೆ ಮುಂದೆ ಬೃಂದಾವನ! ನಾಗಮಂಗಲದ ಬೀಗರು ಬಂದು ಬಾಯಿ ಬಿಟ್ಟುಕೊಂಡು ನೋಡಿದರು. ಒಳಗೆ ಅತ್ತೆ ಕೆಮ್ಮುತ್ತಿದ್ದರೆ, "ಒಸಿ ಮೆತ್ತುಗ್ ಕೆಮ್ಮಕ್ ಯೋಳ್ಲಾ" ಎಂದು ತಮ್ಮನಿಗೆ ಹೇಳಿದ ದೊಡ್ಡ ಮನುಷ್ಯ ಇವರು.

ಆ ವರ್ಷ ಭತ್ತ ಬಡಿದು ಕಣದಲ್ಲಿ ರಾಶಿ ಪೂಜೆ. ಪದ್ಧತಿಯಂತೆ ದೊಡ್ಡ ಮಾವ ತಮ್ಮ ಕೈಯಾರೆ ಸಗಣಿ ಉಂಡೆ ಕಟ್ಟಿ, ನೆತ್ತಿಗೆ ಗರಿಕೆ ಸಿಕ್ಕಿಸಿ, ಬೆನಕಪ್ಪ ಎಂದು ರಾಶಿಯ ಮುಂದೆ ಕೂರಿಸಿದರು. ಕುಂಕುಮ ಇಟ್ಟರು, ಕಾಯಿ ಒಡೆದರು, ಉದ್ದಕ್ಕೆ ಅಡ್ಡಬಿದ್ದರು. ಎಡೆಯ ಅನ್ನವನ್ನು ಹೊಗೆಯಲ್ಲಿ ಬೇಯಿಸಿ ಹೊತ್ತು ತಂದಿದ್ದ ಅತ್ತೆ ಕಣ್ಣೊರೆಸಿಕೊಳ್ಳುತ್ತ ಆ ಸಗಣಿಯನ್ನು ನೋಡಿದರು, ನೆಲಕ್ಕಂಟಿದ್ದ ಭಾವನ ಬೆನ್ನನ್ನೂ ನೋಡಿದರು. ಮನೆಗೆ ಬಂದವರೇ, "ಏಣಿ ಇಡ್ಕೊ ಕಣವ್ವ" ಅಂದರು. ಅಟ್ಟದ ಒಲೆ ಕೆಳಗಿಳಿಯಿತು.

ಸಂಜೆ ಕರೆಂಟು ಹೋಗಿತ್ತು. ಜಗಲಿಯಲ್ಲಿ ದೀಪದಡಿ ಆಗಲೇ ಇಸ್ಪೀಟಿನ ಎಲೆ ಹಂಚಿದ್ದರು. ಒಳಗೆ ಅತ್ತೆ ಒಲೆಯ ತಿರುಪು ತಿರುಗಿಸಿ ಕಡ್ಡಿ ಗೀರಿದರು. ನೀಲಿ ಉರಿ, ಒಂದು ಎಳೆ ಹೊಗೆಯಿಲ್ಲ. ನನಗೆ ಕುಣಿಯುವಷ್ಟು ಖುಷಿ. ಗ್ಯಾಸು ಒಲೆಯ ಕಡೆ ಹರಿದಿದ್ದೇ ಹೊರಗೆ ದೀಪ ಕುಗ್ಗಿ ಕೆಂಪಾಯಿತು.

"ಯಾಕ್ಲಾ ದೀಪ ಸಾಯ್ತಾ ಅದೆ? ಒಳೀಕೆ ಏನ್ಮಾಡ್ತಾವ್ರೆ ಕೇಳ್ಲಾ!" ಎಂದು ದೊಡ್ಡ ಮಾವ ತಮ್ಮನ ಮೇಲೆ ಕೂಗಿದರು.

ಮಾವ ಏಳುವಷ್ಟರಲ್ಲಿ ಅತ್ತೆ ಹೊಸ್ತಿಲು ದಾಟಿ ಜಗಲಿಗೇ ಬಂದರು. ಸೌಟು ಕೈಯಲ್ಲೇ ಇತ್ತು.

"ಒತ್ತಾರೆ ನೀವು ಅಡ್ಡಬಿದ್ರಲ್ಲ ಬಾವ, ಆ ಬೆನಕಪ್ಪ ಒಳೀಕೆ ಬಂದವ್ನೆ. ಅಡುಗೆ ಮಾಡ್ತಾವ್ನೆ. ಮೈಲ್ಗೆ ಅನ್ನಂಗಿದ್ರೆ ನೀವೇ ಬಂದು ಅವ್ನಿಗೇ ಯೋಳಿ."

ಅತ್ತೆ ತಮ್ಮ ಭಾವನಿಗೆ ಆಡಿದ ಮೊದಲ ಮಾತು ಅದು. ಇಸ್ಪೀಟಿನವರಲ್ಲೊಬ್ಬ ಕಿಸಕ್ಕೆಂದ. ದೊಡ್ಡ ಮಾವ ಕೈಯಲ್ಲಿದ್ದ ಎಲೆ ಕೆಳಗಿಟ್ಟರು. ಊಟಕ್ಕೆ ಕರೆದಾಗ ಬೆಕ್ಕಿನ ಹಾಗೆ ಬಂದು ಕೂತು, ಬಡಿಸಿದ್ದನ್ನೆಲ್ಲ ಉಂಡು, ಇನ್ನೊಂದು ಮುದ್ದೆಗೂ ತಟ್ಟೆ ಒಡ್ಡಿದರು. ಅತ್ತೆ ಇಟ್ಟರು. ಆ ಸಂಜೆ ಅಡುಗೆಮನೆಯಲ್ಲಿ ಅವರು ಒಂದು ಸಲವೂ ಕೆಮ್ಮಿರಲಿಲ್ಲ.