ತಿರುವಿನ ಕಂಬದ ಕಟ್ಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳಲೂರಿನ ಹೊನ್ನಯ್ಯನವರ ಮೆಕ್ಕೆಜೋಳದ ಹೊಲದ ಮೂಲೆಗಂಬದ ಮುಂದೆ ಧರ್ಮಪ್ಪ ನಿಂತಿದ್ದಾರೆ. ಕೈಯಲ್ಲಿ ಕಟಿಂಗ್ ಪ್ಲೇಯರ್, ತುಟಿಯ ನಡುವೆ ಒಂದು ಮೊಳ ಮೆತ್ತನೆಯ ಕಟ್ಟುತಂತಿ. ಕಂಬದ ತುದಿಯಲ್ಲಿ ತಂತಿ ಕೂರಿಸುವ ಹಸಿರು ಗಾಜಿನ ಇನ್ಸುಲೇಟರ್. ಸೋಲಾರ್ ಬೇಲಿಯ ಸ್ವಿಚ್ ಆರಿಸಿ ಬಂದಿದ್ದರೂ ಅಭ್ಯಾಸಬಲದಿಂದ ತಂತಿಯನ್ನು ಬೆರಳ ಹಿಂಬದಿಯಿಂದ ಒಮ್ಮೆ ತಟ್ಟಿ ನೋಡುತ್ತಾರೆ. ಆಮೇಲೆ ಹಳೆಯ ಕಟ್ಟು ಬಿಚ್ಚಿ, ಹೊಸದು ಹಾಕಲು ಬಲಗೈಯನ್ನು ಕಂಬದಾಚೆ ಚಾಚಲು ಹೋಗಿ, ಅರ್ಧಕ್ಕೇ ನಿಲ್ಲಿಸುತ್ತಾರೆ. ಭುಜ ಏಳುವುದಿಲ್ಲ.

"ಚಳಿಗೆ ಸ್ವಲ್ಪ ಹಿಡ್ಕೊಂಡಿದೆ ಸಾರ್, ಏನಿಲ್ಲ," ಎನ್ನುತ್ತಾರೆ, ಪತ್ರಿಕೆಗೆ ಬರೆದುಕೊಳ್ಳಲು ಬಂದವರ ಕಡೆ ತಿರುಗಿ, ಯಾರೂ ಕೇಳದಿದ್ದರೂ.

ಅರವತ್ತೆಂಟರ ಧರ್ಮಪ್ಪ ಮಲವಗೊಪ್ಪದವರು. ಭದ್ರಾವತಿಯಲ್ಲಿ ದಿನಗೂಲಿಯಾಗಿ ಟೆಲಿಫೋನ್ ಕಂಬ ಹೊರಲು ಸೇರಿ, ಲೈನ್‌ಮ್ಯಾನ್ ಆಗಿ ನಿವೃತ್ತರಾದವರು. ಶಿವಮೊಗ್ಗ–ಭದ್ರಾವತಿ ರಸ್ತೆಗುಂಟ ಮಾತು ಹರಿಯುತ್ತಿದ್ದ ಕಾಲ ಅದು. ಟೆಲಿಗ್ರಾಫಿನ ತಂತಿ, ಟೆಲಿಫೋನಿನ ತಂತಿ, ಎಲ್ಲಾ ಬರಿಮೈ ತಂತಿಗಳು, ಕಂಬಕಂಬಕ್ಕೂ ಗಾಜಿಗೆ ಬಿಗಿದು ನಿಂತವು. ಸತ್ತ ಸುದ್ದಿ, ಹೆತ್ತ ಸುದ್ದಿ, ಅಡಿಕೆ ರೇಟು, ಗಂಡಹೆಂಡಿರ ಜಗಳ, ಎಲ್ಲವೂ ಇವರು ಸುತ್ತಿದ ಕಟ್ಟಿನ ಮೇಲೆ ಹಾದುಹೋಗಿದೆ. ಫೋನೆತ್ತಿ ಮಾತಾಡಿದವರು ಯಾರೂ ಕಂಬದ ಮೇಲಿದ್ದವನನ್ನು ಕತ್ತೆತ್ತಿ ನೋಡಲಿಲ್ಲ.

ಕೆಲಸ ಕಲಿಸಿದ್ದು ಮೇಸ್ತ್ರಿ ಗೋವಿಂದ. ಕಾರ್ಖಾನೆ ಕ್ವಾರ್ಟರ್ಸ್ ಕಡೆಯ ತಮಿಳರು, ಮಾತಿಗಿಂತ ಮೊದಲು ಪ್ಲೇಯರ್ ಹಿಡಿಯಿಂದ ಮಂಡಿಗೆ ಕುಟ್ಟುತ್ತಿದ್ದ ಆಸಾಮಿ. ಬೆಳ್ಳಂಬೆಳಗ್ಗೆಯೇ ಕಂಬ ಹತ್ತಿಸುತ್ತಿದ್ದರು. ಬಿಸಿಲಲ್ಲಿ ಎಳೆದು ಕಟ್ಟಿದರೆ ಚಳಿಗೆ ತಂತಿ ಬಿಗಿದು ಪಟ್ಟೆನ್ನುತ್ತದೆ ಎಂದು.

"ತಿರುವಿನ ಕಂಬ ಬಂದ್ರೆ ನನ್ನನ್ನೇ ಹತ್ತಿಸೋರು," ಎಂದು ಧರ್ಮಪ್ಪ ನೆನೆಯುತ್ತಾರೆ. "ಅಲ್ಲಿ ತಂತಿ ಒಳಗಡೆಗೆ ಜಗ್ಗುತ್ತೆ. ಅದಕ್ಕೇ ಗಾಜಿನ ಹೊರಮಗ್ಗುಲಿಗೆ ಕೂರಿಸಿ ಕಟ್ಬೇಕು. ಜಗ್ಗಿದಷ್ಟೂ ಗಾಜಿಗೇ ಒತ್ತುತ್ತೆ. ಒಳಗಡೆ ಕಟ್ಟಿದ್ರೆ ಭಾರ ಎಲ್ಲಾ ಕಟ್ಟಿನ ಮೇಲೆ. 'ತಂತಿ ಗಾಜಿಗೆ ಒರಗ್ಬೇಕು ಕಣೋ, ನಿನ್ನ ಕಟ್ಟಿಗಲ್ಲ' ಅನ್ನೋರು ಮೇಸ್ತ್ರಿ."

ಕಾಲ ಬದಲಾಯಿತು. ಕೇಬಲ್ ನೆಲದಡಿ ಹೋಯಿತು, ಕಂಬದ ತಂತಿ ಸುರುಳಿ ಸುತ್ತಿಕೊಂಡು ಗುಜರಿ ಸೇರಿತು. ಗುಜರಿಯವನ ಹತ್ತಿರ ಒಂದು ಚೀಲ ಗಾಜು ಕೊಂಡು ಮನೆಗೆ ತಂದಾಗ ಹೆಂಡತಿ ಹಾಲಮ್ಮ, "ಇದನ್ನೇನು ಹುಳಿ ಮಾಡ್ಲಾ?" ಎಂದು ಕೇಳಿದ್ದರಂತೆ. ಅವೇ ಈಗ ಹಂದಿ ಕಾಟಕ್ಕೆ ಹಾಕುವ ಸೋಲಾರ್ ಬೇಲಿಗಳ ಮೂಲೆಗಂಬದಲ್ಲಿ ಕೂತಿವೆ. ಬೇಲಿ ಕಾಂಟ್ರಾಕ್ಟರ್ ಶಿವಕುಮಾರ್ ಎಲ್ಲಿ ಕರೆದರೆ ಅಲ್ಲಿಗೆ ಧರ್ಮಪ್ಪ ಮೊಪೆಡ್ ಏರಿ ಹೊರಡುತ್ತಾರೆ.

"ಬರ್ಕೊಳ್ಳಿ ಸಾರ್," ಎನ್ನುತ್ತಾರೆ ಶಿವಕುಮಾರ್. ಈ ಬರಹಕ್ಕಾಗಿ ಧರ್ಮಪ್ಪನವರನ್ನು ಇಲ್ಲಿಗೆ ಕರೆತಂದವರೂ, ಫೋಟೊಗೆ ಮೂಲೆಗಂಬವೇ ಚೆನ್ನ ಎಂದವರೂ ಅವರೇ. "ಧರ್ಮಪ್ಪಣ್ಣ ಕಟ್ಟಿದ್ದು ಬಿಚ್ಚಿದ್ದು ಅಂತ ಇವತ್ತಿನವರೆಗೂ ಇಲ್ಲ. ಅದೇ ಹೆಡ್ಡಿಂಗ್ ಕೊಡಿ."

ಹೊಗಳಿಕೆಗೆ ಹಿಗ್ಗದವರು ಯಾರು? ಆದರೆ ಧರ್ಮಪ್ಪನವರ ಮುಖ ಕಪ್ಪಿಟ್ಟಿದೆ. ಕೈ ಅಂಗಿಯ ಜೇಬಿಗೆ ಹೋಗಿ ಏನನ್ನೋ ಮುಟ್ಟಿ ವಾಪಸ್ ಬರುತ್ತದೆ. "ಬೇಡ ಸಾರ್, ಬೇರೆ ಏನಾದ್ರೂ ಕೇಳಿ," ಎನ್ನುತ್ತಾರೆ.

ಅಷ್ಟರಲ್ಲಿ ಹೊನ್ನಯ್ಯನವರ ಹೆಂಡತಿ ಕರಿಯಮ್ಮ ಬರುತ್ತಾರೆ. ಹಿಂದೆಯೇ ಕಾಫಿ ಲೋಟಗಳ ತಟ್ಟೆ ಹಿಡಿದು ಸೊಸೆ ಸುಮನಾ. ಕರಿಯಮ್ಮನವರಿಗೆ ಹೇಳಿಕೊಳ್ಳಲು ಒಂದೇ ಸಂಕಟ. ಹೋದ ತಿಂಗಳು ಇದೇ ಮೂಲೆಯಲ್ಲಿ ತಂತಿ ಕಳಚಿ ಬಿದ್ದು, ಹಂದಿ ನುಗ್ಗಿ, ತೆನೆಗಟ್ಟಿದ್ದ ಜೋಳ ಅರ್ಧಕ್ಕರ್ಧ ಮಣ್ಣುಪಾಲಾಯಿತು.

"ಈ ಮಾರಾಯ್ತಿ ಹಿಂದಿನ ದಿನ ಎಮ್ಮೆ ತಂದು ಕಂಬಕ್ಕೆ ಕಟ್ಟಿದ್ಲು," ಎಂದು ಸೊಸೆಯತ್ತ ಗಲ್ಲ ಎತ್ತುತ್ತಾರೆ. "ಎಮ್ಮೆ ಜಗ್ಗಿ ತಂತಿ ಸಡಿಲಾಗಿದೆ. ಡೈರಿ ಹತ್ರ ಹೋದ್ರೆ ಸಾಕು, 'ಬೇಲಿ ಬೀಳಿಸಿದ ಸೊಸೆ ಹುಷಾರಾಗಿದಾಳಾ' ಅಂತ ಕೇಳ್ತಾರೆ. ನಮ್ಮ ಮಾನ ಹೋಯ್ತು. ಅಲ್ವಾ ಧರ್ಮಪ್ಪಣ್ಣ, ನೀವೇ ನೋಡಿದ್ರಲ್ಲ?"

ಸುಮನಾ ಲೋಟ ಮುಂದೆ ಹಿಡಿಯುತ್ತಾಳೆ. ಧರ್ಮಪ್ಪ ತೆಗೆದುಕೊಳ್ಳುವುದಿಲ್ಲ.

"ಎಮ್ಮೆ ಅಲ್ಲ ಕರಿಯಮ್ಮ," ಎನ್ನುತ್ತಾರೆ. ಜೇಬಿನಿಂದ ತುಂಡಾದ ಕಟ್ಟುತಂತಿಯೊಂದನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ. "ಇದು ಆವತ್ತಿಂದು. ಬೇಲಿ ಹಾಕ್ದಾಗ ನಾನು ಒಳಮಗ್ಗುಲಿಗೆ ಕಟ್ಟಿದ್ದೆ. ಆಚೆ ಕಡೆ ಲಂಟಾನ ಮೆಳೆ, ಈ ಭುಜ ಏಳ್ಲಿಲ್ಲ. ಇವತ್ತೊಂದಿನ ಇರ್ಲಿ, ನಾಳೆ ಬಂದು ಹೊರಗೆ ಹಾಕಿದ್ರಾಯ್ತು ಅಂದ್ಕೊಂಡೆ. ಮಾರನೇ ದಿನ ಇನ್ನೊಂದು ಊರಿಗೆ ಹೋದೆ, ಮರ್ತೇಬಿಟ್ಟೆ. ಗೊತ್ತಿಲ್ದೆ ಮಾಡಿದ್ದಲ್ಲ. ಗೊತ್ತಿದ್ದೂ ಮಾಡಿದ್ದು."

ಅಯ್ಯೋ, ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹೊಟ್ಟೆಯೊಳಗೆ ಒಂದು ತಿಂಗಳು ಕೂತದ್ದು ಅಷ್ಟಕ್ಕೇ ಮುಗಿಯುವುದಿಲ್ಲ. ತಂತಿ ಬಿದ್ದ ದಿನ ತಾತ್ಕಾಲಿಕ ರಿಪೇರಿಗೆ ಬಂದವರು ಅವರೇ. ಎಮ್ಮೆಯೇ ತಾನೆ ಎಂದು ಕರಿಯಮ್ಮ ಕೇಳಿದಾಗ, ತಲೆ ತಗ್ಗಿಸಿ ನಿಂತಿದ್ದ ಹುಡುಗಿಯನ್ನು ನೋಡಿಯೂ "ಇರಬಹುದು" ಎಂದವರೂ ಅವರೇ. ಭುಜ ಹೋಗಿದೆ ಎಂದು ಗೊತ್ತಾದರೆ ಯಾರು ಕೆಲಸಕ್ಕೆ ಕರೆಯುತ್ತಾರೆ ಎಂಬ ಹೆದರಿಕೆ. ಆಮೇಲೆ ವಾರಕ್ಕೊಮ್ಮೆ ಬೇಲಿ ನೋಡುವ ನೆಪದಲ್ಲಿ ಬಂದರು, ಇವತ್ತು ಹೇಳಬೇಕು ಎಂದುಕೊಂಡೇ ಬಂದರು. ಬಂದಾಗಲೆಲ್ಲ ಕಾಫಿ ಕುಡಿದು ವಾಪಸಾದರು.

"ಇಷ್ಟು ವಯಸ್ಸಾಗಿ ಒಂದು ಹೆಣ್ಣುಮಗಳ ಹಿಂದೆ ಬಚ್ಚಿಟ್ಕೊಂಡೆ ಸಾರ್. ನಾಚಿಕೆಗೆ ಇನ್ನೇನಿದೆ?"

ಸುಮನಾ ತಟ್ಟೆಯನ್ನು ಬದುವಿನ ಮೇಲೆ ಇಡುತ್ತಾಳೆ.

"ನನ್ ಕೈಯಿಂದ್ಲೇ ಕಾಫಿ ಇಸ್ಕೊಂಡು ಕುಡಿತಿದ್ರಲ್ಲ ಧರ್ಮಪ್ಪಣ್ಣ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಧರ್ಮಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಬೆವರಿಲ್ಲದಿದ್ದರೂ. ಸುಮನಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇಲಿಯಾಚೆ ಸುತ್ತಿ ಹೋಗಿ, ಲಂಟಾನದ ಮುಳ್ಳು ಸರಿಸಿಕೊಂಡು ಕಂಬದ ಹೊರಗೆ ನಿಲ್ಲುತ್ತಾಳೆ. ತಂತಿಯನ್ನು ಗಾಜಿನ ಹೊರಮಗ್ಗುಲಿಗೆ ಒತ್ತಿ ಹಿಡಿಯುತ್ತಾಳೆ.

"ಕಟ್ಟಿ. ಈ ಸಲ ಹೇಗೆ ಕಟ್ತೀರಾ ನಾನೂ ನೋಡ್ತೀನಿ."

ಧರ್ಮಪ್ಪ ಕಟ್ಟುತ್ತಾರೆ. ಗಾಜಿನ ಎರಡೂ ಕಡೆ ಕಟ್ಟುತಂತಿ ಸುತ್ತಿ, ತುದಿ ಮಡಿಚಿ, ಪ್ಲೇಯರಿನಿಂದ ಒಮ್ಮೆ ಒತ್ತುತ್ತಾರೆ. ಯಾರೂ ಹೇಳದಿದ್ದರೂ ಸುಮನಾ ತಂತಿಯನ್ನು ಜಗ್ಗಿ ನೋಡುತ್ತಾಳೆ. ಅಲುಗುವುದಿಲ್ಲ.

ಶಿವಕುಮಾರ್ ಮೆಲ್ಲಗೆ ಹತ್ತಿರ ಬರುತ್ತಾರೆ. "ಸಾರ್, ಇದೆಲ್ಲ ಪೇಪರಿಗೆ ಬೇಡ. ಹಾಕಿದ್ರೆ ನಾಳೆ ಇವರಿಂದ ಬೇಲಿ ಕಟ್ಟಿಸ್ತೀನಿ ಅಂದ್ರೆ ಯಾವ ರೈತ ಒಪ್ತಾನೆ? ನಾನೂ ಕರೆಯೋಕಾಗಲ್ಲ."

"ಕರೀಬೇಡ ಬಿಡು ಮಾರಾಯ," ಎನ್ನುತ್ತಾರೆ ಧರ್ಮಪ್ಪ. ಬದುವಿನ ಮೇಲೆ ಕಾಫಿ ಆರಿ ಕೆನೆಗಟ್ಟಿದೆ. ಅದರ ಕಡೆ ಅವರು ಕೈ ಚಾಚುವುದಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಸುಮನಾಳ ಕಡೆ ತಿರುಗಿ ನೋಡುತ್ತಾರೆ.

"ನನ್ನ ಫೋಟೊ ಬೇಡ ಸಾರ್. ಭಾನುವಾರದ ಪೇಪರ್ ಹೊಳಲೂರಿನ ಡೈರಿಗೂ ಬರುತ್ತೆ, ಹಾಲು ಹಾಕೋರೆಲ್ಲ ಓದ್ತಾರೆ. ಅಲ್ಲಿ ಆ ಮಗು ಹೆಸರು ಕೆಟ್ಟಿದೆ. ಬೇಲಿ ಬೀಳಿಸಿದ್ದು ಸುಮನಾ ಅಲ್ಲ, ಧರ್ಮಪ್ಪ ಅಂತ ಮೇಲೇ ಹಾಕಿ. ಕೆಳಗೆ ಜಾಗ ಉಳಿದ್ರೆ ಮಾತ್ರ ಬೇರೆದೆಲ್ಲ ಬರೀರಿ."