ಕಾಲು ಸ್ವರದ ಜಗಳ

ಪಿಯಾನೊ ಕಛೇರಿ ಕೇಳಲೆಂದು ಮಧ್ಯಾಹ್ನ ಮಳವಳ್ಳಿಯಲ್ಲಿ ಬಸ್ಸಿಳಿದು ಸಂಗೀತ ಸಂಘದ ವೇದಿಕೆಯ ಪರದೆ ಹಿಂದಕ್ಕೆ ಹೋದ ನನಗೆ ಮೊದಲು ಕೇಳಿಸಿದ್ದು ಜಗಳ. ಅರಬ್ಬಿ ರಾಗಗಳನ್ನು ಜಾಝ್ ಜೊತೆ ಬೆರೆಸಿ ನುಡಿಸುವ ಸಲ್ಮಾ ಮಂಡ್ಯದ ಮೆಕ್ಯಾನಿಕ್ ಒಬ್ಬರ ಮಗಳು. ಅಂಥ ಹಲವು ರಾಗಗಳ ಗಾಂಧಾರ ಕಾಲು ಸ್ವರದಷ್ಟು ತಗ್ಗಿ, ಪಿಯಾನೊದ ಬಿಳಿ ಮನೆಗೂ ಕಪ್ಪು ಮನೆಗೂ ನಡುವೆ ಇರುತ್ತದೆ. ಅದಕ್ಕೆಂದೇ ಅಪ್ಪ ಮಾಡಿಕೊಟ್ಟ ಸ್ಪ್ಯಾನರ್‌ನಿಂದ ಅವಳು ನಿನ್ನೆಯೇ ತಂತಿ ಸಡಿಲಿಸಿ ಹೋಗಿದ್ದಳು. ಬೆಳಿಗ್ಗೆ ಸಂಘದ ಕಾರ್ಯದರ್ಶಿಗಳು ಹಾರ್ಮೋನಿಯಂ ರಿಪೇರಿಯವನನ್ನು ಕರೆಸಿ ಅದನ್ನು ‘ಸರಿ’ ಮಾಡಿಸಿದ್ದರು!

“ಅಪಸ್ವರ ಒಡೀತಿತ್ತು ಕಣಮ್ಮ. ಉಪಕಾರ ಮಾಡಿದ್ರೆ ಬೈತೀಯಲ್ಲ?” ಎನ್ನುತ್ತಿದ್ದರು ಕಾರ್ಯದರ್ಶಿಗಳು.

ನನಗೆ ಸುಮ್ಮನಿರಲು ಆಗಲಿಲ್ಲ. “ನಾದಸ್ವರದವರು ಎರಡು ಸ್ವರದ ನಡುವೆ ಜಾರಿದರೆ ತಲೆದೂಗ್ತೀರಿ. ಇವರು ಅಲ್ಲೇ ನಿಂತರೆ ಅಪಸ್ವರವೇ? ಕೇಳದೆ ಮುಟ್ಟೋ ಹಕ್ಕು ಯಾರು ಕೊಟ್ಟರು ನಿಮಗೆ?”

“ಇಂಗೇ ನುಡಿಸ್ಲಿ ಬುಡಪ್ಪ. ಈ ಜನಕ್ಕೇನ್ ಗೊತ್ತಾಯ್ತದೆ?” ಎಂದರು ಅವರು ನನಗೆ.

ಮೈ ಉರಿಯಿತು. ಒಂದೇ ಮಾತಿನಲ್ಲಿ ಸಂಗೀತಕ್ಕೂ ಅವಮಾನ, ಮುಂದೆ ಕೂತ ಇಡೀ ಊರಿಗೂ ಅವಮಾನ.

“ನಂಗ್ ಗೊತ್ತಾಯ್ತದೆ ಸಾರ್” ಎಂದಳು ಸಲ್ಮಾ. ಪರದೆ ಸರಿಸಿ, ಜನರೆದುರೇ ಪಿಯಾನೊದ ಮುಚ್ಚಳ ತೆಗೆದು ಸ್ಪ್ಯಾನರ್ ಹಾಕಿದಳು. ಒಂದೇ ಮನೆಯನ್ನು ಮತ್ತೆ ಮತ್ತೆ ಒತ್ತುತ್ತ, ಕೂದಲೆಳೆಯಷ್ಟು ತಿರುಗಿಸುತ್ತ, ಸ್ವರವನ್ನು ಇಳಿಸತೊಡಗಿದಳು.

ಸಭೆಯ ಹರಟೆ ತಗ್ಗಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಮೊಮ್ಮಗಳ ತೊಡೆ ತಟ್ಟಿದರು.

“ಸುಮ್ಕಿರಮ್ಮಿ, ಇಳೀತಾ ಅದೆ, ಕೇಳು.”

ಕಾರ್ಯದರ್ಶಿಗಳು ಮಾತ್ರ ಗಡಿಯಾರ ನೋಡುತ್ತಿದ್ದರು.