ಬರಬೇಡ ಎನ್ನುವ ಸಿಳ್ಳೆ

ಗಾಳಿ ಸೋಕಿತು, ಸತ್ತವರು ಕರೆದರು ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖದೆದುರೇ ನಕ್ಕುಬಿಡುತ್ತಿದ್ದವನು. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ಎಂಥ ಭಯಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕಬೇಕಷ್ಟೆ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ಅರ್ಧಕ್ಕೇ ಪುಟ ತಿರುಗಿಸುತ್ತಿದ್ದೆ. ನೀವೂ ಹಾಗೆ ಮಾಡಿದರೆ ನನಗೆ ಬೇಸರವಿಲ್ಲ.

ನಾಲ್ಕು ವರ್ಷದ ಹಿಂದೆ ನನಗೆ ಹಕ್ಕಿ ನೋಡುವ ಹುಚ್ಚು ಹಿಡಿಯಿತು. ಸಕ್ಕರೆ ಕಾಯಿಲೆ, ದಿನಾ ನಡೆಯಿರಿ ಎಂದಿದ್ದರು ಡಾಕ್ಟರು. ಸುಮ್ಮನೆ ನಡೆಯಲು ಬೇಜಾರಾಗಿ ಒಂದು ದುರ್ಬೀನು, ಒಂದು ನೋಟ್‌ಬುಕ್ಕು ಕೊಂಡೆ. ಕೂಗು ಕೇಳಿಸಿದರೆ ಹಕ್ಕಿಯ ಹೆಸರು ಹೇಳುವ ಆ್ಯಪೊಂದನ್ನು ಮೊಬೈಲಿಗೆ ಹಾಕಿಕೊಂಡೆ. ಹೊಸಬನ ಪಾಡು ಕೇಳಬೇಡಿ. ಮೈತುಂಬ ಚುಕ್ಕೆಯಿದ್ದ ಹಕ್ಕಿಯೊಂದರ ಹಿಂದೆ ಮೂರು ದಿನ ಅಲೆದು, ಯಾವುದೋ ಅಪರೂಪದ ಗಿಡುಗ ಎಂದು ಪುಟಗಟ್ಟಲೆ ಬರೆದುಕೊಂಡಿದ್ದೆ. ಅದು ಹೆಣ್ಣು ಕೋಗಿಲೆ. ಅದನ್ನು ಹೇಳಿ ನನ್ನ ಮಾನ ಕಳೆದವರು ಅಕ್ಕೂರಿನ ಕೆಂಪಣ್ಣ.

ಊರಾಚೆಯ ಹಳ್ಳದ ದಂಡೆಯಲ್ಲಿ ಕೆಂಪಣ್ಣನವರ ಹಿಪ್ಪುನೇರಳೆ ತೋಟ. ಐವತ್ತೈದು ದಾಟಿದ, ಮಾತು ಕಡಿಮೆಯ ಮನುಷ್ಯ. ತೋಟದ ಪಂಪ್‌ಹೌಸಿನ ಮುಂದೆ ಕೂತುಕೊಂಡು, ತಲೆಯೆತ್ತಿ ನೋಡದೆಯೇ, ಕೂಗಿದ್ದು ಯಾವ ಹಕ್ಕಿ ಎಂದು ಹೇಳಿಬಿಡುತ್ತಿದ್ದರು. ನಾನು ವಾರಕ್ಕೆರಡು ಬಾರಿ ಸ್ಕೂಟರ್ ಹತ್ತಿ ಅಲ್ಲಿಗೆ ಹೋಗತೊಡಗಿದೆ. ಒಂದೇ ಒಂದು ವಿಚಿತ್ರವೆಂದರೆ, ಆ ಹಕ್ಕಿ ಹೇಗೆ ಕೂಗುತ್ತದೆ, ಬಾಯಲ್ಲಿ ಮಾಡಿ ತೋರಿಸಿ ಎಂದರೆ ಮುಖ ಆಚೆ ತಿರುಗಿಸುತ್ತಿದ್ದರು. ಆನೆ ತುಳಿದು ಅವರ ತಮ್ಮ ಶಿವಲಿಂಗ ಅದೇ ತೋಟದಲ್ಲಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಆ ಸುದ್ದಿ ನನಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿದ್ದಷ್ಟೇ.

ಮಾಗಿಯ ಒಂದು ಬೆಳಗಿನ ಜಾವ, ಕೆಂಪಣ್ಣ ಇನ್ನೂ ತೋಟಕ್ಕೆ ಬಂದಿರಲಿಲ್ಲ, ಹಳ್ಳದ ಪಕ್ಕದ ಹೊಂಗೆಮರದಿಂದ ಹೊಸ ಕೂಗೊಂದು ಕೇಳಿಸಿತು. ಎರಡು ಗಿಡ್ಡ ಸಿಳ್ಳೆ, ಆಮೇಲೆ ಇಳಿಯುತ್ತ ಹೋಗುವ ಒಂದು ಉದ್ದನೆಯದು. ರೆಕಾರ್ಡ್ ಮಾಡಿಕೊಂಡೆ. ಆ್ಯಪು ಯಾವ ಹೆಸರೂ ಹೇಳಲಿಲ್ಲ. ವಾಟ್ಸಪ್ ಗುಂಪಿಗೆ ಹಾಕಿದರೆ, ಸಾರ್, ಯಾರೋ ಮನುಷ್ಯರು ಸಿಳ್ಳೆ ಹೊಡೆದಿದ್ದಾರೆ ನೋಡಿ ಎಂದು ಒಬ್ಬರು ನಗುವ ಚಿತ್ರ ಕಳಿಸಿದರು. ಮರದ ಕೆಳಗೆ ಯಾರೂ ಇರಲಿಲ್ಲವೆಂದು ನಾನು ಆಣೆ ಮಾಡುವುದೊಂದು ಬಾಕಿ. ಅಪರೂಪದ್ದೇನೋ ಸಿಕ್ಕಿತು ಎಂಬ ಹಿಗ್ಗಿನಲ್ಲಿ ಅದನ್ನು ಕೆಂಪಣ್ಣನವರಿಗೆ ಕೇಳಿಸಿದೆ.

ಅವರ ಕೈಯಲ್ಲಿದ್ದ ಕುಡುಗೋಲು ಕೆಳಗೆ ಬಿತ್ತು. ಇನ್ನೊಂದು ಸಲ ಹಾಕಿ ಎಂದರು. ಹಾಕಿದೆ.

"ಇದು ಹಕ್ಕೀದಲ್ಲ ಸಾ. ನನ್ದು," ಎಂದರು.

ಆಮೇಲೆ ನಿಧಾನವಾಗಿ ಹೇಳಿದರು. ರಾತ್ರಿ ತೋಟಗಳಿಗೆ ನುಗ್ಗುವ ಆನೆಗಳು ಬೆಳಕು ಹರಿಯುವಷ್ಟರಲ್ಲಿ ಕಾಡಿಗೆ ಹಿಂತಿರುಗುತ್ತವೆ. ಒಂದೊಂದು ಹಿಂದುಳಿದಿರುತ್ತದೆ. ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯಲು ಹೋಗಬೇಕಾದ್ದೂ ಅದೇ ಹೊತ್ತಿಗೆ. ಅದಕ್ಕೆ ಅಣ್ಣತಮ್ಮಂದಿರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ತಮ್ಮ ಹಳ್ಳದ ಆಚೆ ನಿಲ್ಲುವುದು, ಅಣ್ಣ ತೋಟವೆಲ್ಲ ಸುತ್ತಿ ನೋಡಿ ಸಿಳ್ಳೆ ಹಾಕುವುದು. ಎರಡು ಗಿಡ್ಡ ಒಂದು ಉದ್ದ ಎಂದರೆ ದಾರಿ ಚೊಕ್ಕ, ಬಾ. ಉಸಿರು ಮುಗಿಯುವ ತನಕ ಒಂದೇ ಸಿಳ್ಳೆ ಎಂದರೆ ಆನೆ ಇದೆ, ಬರಬೇಡ. ಬಾ ಎಂದಾಗ ತಮ್ಮ ಮೇಲಕ್ಕೇರುವ ಒಂದು ಪುಟ್ಟ ಸಿಳ್ಳೆ ಹಾಕಿ, ಬಂದೆ ಎನ್ನುತ್ತಿದ್ದ.

"ಹುಳ ನಾಕ್ನೇ ಜ್ವರ ಎದ್ದಿದ್ವು ಸಾ, ಪೊರೆ ಬಿಟ್ಟು ಹಸ್ಕಂಡಿದ್ವು. ಸೊಪ್ಪಿಲ್ದೆ ತಲೆ ಎತ್ಕಂಡು ಆಡ್ತಿದ್ವು. ಹೊತ್ತಾಗೋಯ್ತು ಅಂತ ಹಳ್ಳದ ತಂಕ ಹೋಗಿ ನೋಡ್ಲೇ ಇಲ್ಲ ನಾನು. ಇಲ್ಲಿಂದ್ಲೇ ಬಾ ಅಂದ್ಬುಟ್ಟೆ. ಅವ್ನು ಬಂದೆ ಅಂದ."

ಅವತ್ತಿನಿಂದ ಅವರು ತುಟಿ ಕೂಡಿಸಿ ಸಿಳ್ಳೆ ಹಾಕಿಲ್ಲ. ಶಿವಲಿಂಗನ ಹೆಂಡತಿ ಸಾಕಮ್ಮ ಅವರ ಮನೆಯಲ್ಲೇ ಇದ್ದಾಳೆ. ಅವಳು ಇಷ್ಟು ದಿನವೂ ಆ ಬಗ್ಗೆ ಒಂದು ಮಾತು ಆಡಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದರು ಕೆಂಪಣ್ಣ.

ಇಲ್ಲಿ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ಕಾಜಾಣ ಬೇರೆ ಹಕ್ಕಿಗಳ ಕೂಗನ್ನೂ ಮನುಷ್ಯರ ಸಿಳ್ಳೆಯನ್ನೂ ಕದ್ದು ಕಲಿಯುತ್ತದೆ, ನಿಮ್ಮ ಸಿಳ್ಳೆಯನ್ನು ವರ್ಷಗಟ್ಟಲೆ ಕೇಳಿ ಕಲಿತಿದೆ ಅಷ್ಟೆ, ಕಣ್ಣಾರೆ ನೋಡಿದರೆ ನಿಮ್ಮ ಭಯ ಹೋಗುತ್ತದೆ ಎಂದು ಪಾಠ ಹೇಳಿದೆ. ಅವರಿಗೆ ಬರಲು ಮನಸ್ಸಿರಲಿಲ್ಲ. ಬಲವಂತ ಮಾಡಿದವನು ನಾನು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುದಿನ ಬೆಳಗು ಹರಿಯುವ ಮೊದಲೇ ಇಬ್ಬರೂ ಪಂಪ್‌ಹೌಸಿನ ಮುಂದೆ ನಿಂತಿದ್ದೆವು. ತೋಟವನ್ನು ಹಿಂದಿನ ವಾರವಷ್ಟೇ ಕತ್ತರಿಸಿದ್ದರು. ಮೊಣಕಾಲೆತ್ತರದ ಬೋಳು ಕಡ್ಡಿಗಳು ಹಳ್ಳದವರೆಗೂ ಸಾಲಾಗಿ ಕಾಣುತ್ತಿದ್ದವು. ಬೆಳಕು ಬಂದ ಹಾಗೆ ಸಿಳ್ಳೆ ಕೇಳಿಸಿತು. ದುರ್ಬೀನು ಹಿಡಿದೆ. ಹೊಂಗೆಯ ಕೊಂಬೆಯಲ್ಲಿ ಕಾಜಾಣವೇ ಕೂತಿತ್ತು, ಸಿಳ್ಳೆ ಹೊರಟಾಗ ಅದರ ಗಂಟಲು ಉಬ್ಬಿದ್ದನ್ನು ನಾನು ಸ್ಪಷ್ಟವಾಗಿ ನೋಡಿದೆ. ಗೆದ್ದೆ ಎಂದುಕೊಂಡು ದುರ್ಬೀನನ್ನು ಕೆಂಪಣ್ಣನವರ ಕೈಗೆ ಕೊಡಲು ತಿರುಗಿದೆ.

ಆಗ ಹಳ್ಳದ ಆಚೆಯಿಂದ, ಮೇಲಕ್ಕೇರುವ ಒಂದು ಪುಟ್ಟ ಸಿಳ್ಳೆ ಬಂತು.

ಇನ್ನೊಂದು ಕಾಜಾಣವಿರಬೇಕು ಎಂದೆ. ಮರದ ಹಕ್ಕಿ ಮತ್ತೆ ಕರೆಯಿತು. ಉತ್ತರ ಈ ಸಲ ಹಳ್ಳದ ಈಚೆ ದಂಡೆಯಿಂದ ಬಂತು. ಮೂರನೆಯ ಸಲ ಕರೆದಾಗ ನಮ್ಮಿಂದ ನಲವತ್ತು ಹೆಜ್ಜೆ ದೂರದಲ್ಲಿ, ತೋಟದ ನಡುವೆಯೇ ಕೇಳಿಸಿತು. ಆ ಬೋಳು ಕಡ್ಡಿಗಳ ನಡುವೆ ಮನುಷ್ಯನಿರಲಿ, ಒಂದು ಗುಬ್ಬಚ್ಚಿ ಕೂತಿದ್ದರೂ ಕಾಣಬೇಕಿತ್ತು. ಏನೂ ಇರಲಿಲ್ಲ. ಕೆಂಪಣ್ಣ ನನ್ನ ತೋಳು ಹಿಡಿದುಕೊಂಡಿದ್ದರು.

"ನಾನ್ ಕರ್ದಿದ್ಕೆ ಇನ್ನೂ ಬತ್ತಾವ್ನೆ ಸಾ. ಸತ್ತಿರೋದು ಗೊತ್ತೇ ಇಲ್ಲ ಅವ್ನಿಗೆ."

ಮರದ ಹಕ್ಕಿ ನಾಲ್ಕನೆಯ ಸಲ ಸಿಳ್ಳೆ ಶುರುಮಾಡಿತು. ಅದು ಮುಗಿಯುವ ಮೊದಲೇ ಕೆಂಪಣ್ಣ ಎರಡು ಬೆರಳು ಬಾಯಿಗಿಟ್ಟು, ಉಸಿರು ಮುಗಿಯುವ ತನಕ, ಕತ್ತಿನ ನರ ಉಬ್ಬಿ ಕಣ್ಣಲ್ಲಿ ನೀರು ಬರುವ ತನಕ, ಒಂದೇ ಸಿಳ್ಳೆ ಹಾಕಿದರು. ಕಾಜಾಣ ಹಾರಿಹೋಯಿತು. ತೋಟದಿಂದ ಉತ್ತರ ಬರಲಿಲ್ಲ. ಬಿಸಿಲು ಬಂದ ಮೇಲೆ ನಾನು ಸಾಲುಸಾಲಾಗಿ ನಡೆದು ನೋಡಿದೆ. ನೆಲದ ಹುಲ್ಲಿನ ಮೇಲಿನ ಇಬ್ಬನಿ ಎಲ್ಲೂ ಕದಡಿರಲಿಲ್ಲ.

ನನಗೆ ತೋಚಿದ ಕಾರಣಗಳನ್ನೆಲ್ಲ ಹಾಕಿ ನೋಡಿದ್ದೇನೆ. ಬಂಡೆಯಿಂದ ಬಂದ ಮಾರ್ದನಿ ಎನ್ನೋಣವೆಂದರೆ ಉತ್ತರದ ಧಾಟಿಯೇ ಬೇರೆ. ಎರಡನೆಯ ಹಕ್ಕಿ ಎನ್ನೋಣವೆಂದರೆ ಹಾರಿದ್ದನ್ನು ಇಬ್ಬರೂ ಕಾಣಲಿಲ್ಲ. ಹೆದರಿದ ಕಿವಿ ಏನು ಬೇಕಾದರೂ ಕೇಳುತ್ತದೆ ಎನ್ನಬಹುದು, ಆದರೆ ಮೊದಲನೆಯ ಉತ್ತರ ಕೇಳುವಾಗ ನಾನು ಹೆದರಿರಲಿಲ್ಲ, ಗೆದ್ದ ಖುಷಿಯಲ್ಲಿದ್ದೆ.

ಆ ಕಾಜಾಣ ಮತ್ತೆ ಅಲ್ಲಿ ಕಾಣಲಿಲ್ಲ. ಆದರೆ ಕೆಂಪಣ್ಣ ಅಂದಿನಿಂದ ಒಂದು ದಿನವೂ ಬಿಡದೆ, ಸೊಪ್ಪಿನ ಕೆಲಸವಿರಲಿ ಬಿಡಲಿ, ಬೆಳಗಿನ ಜಾವ ತೋಟಕ್ಕೆ ಹೋಗಿ ಆ ಉದ್ದನೆಯ ಸಿಳ್ಳೆ ಹಾಕುತ್ತಾರೆ. ತಪ್ಪಿಸಿದರೆ ಅವನು ಬಂದುಬಿಡುತ್ತಾನೆ ಎನ್ನುತ್ತಾರೆ. ಊರವರು ಮೊದಲು ನಕ್ಕರು, ಈಗ ಯಾರೂ ನಗುವುದಿಲ್ಲ. ಒಂದು ದಿನ ಸಾಕಮ್ಮ ಡೇರಿಗೆ ಹಾಲು ಹಾಕಿ ಬರುತ್ತಿದ್ದವಳು ನನ್ನನ್ನು ಕಂಡು ನಿಂತಳು. "ನಮ್ ಭಾವ ದಿನಾ ಹಾಕ್ತಾರಲ್ಲ ಮೇಷ್ಟ್ರೇ ಆ ಸಿಳ್ಳೆ, ಅದ್ನ ಆವತ್ತೊಂದಿನ ಹಾಕಿದ್ರೆ ಸಾಕಾಗಿತ್ತು," ಎಂದು ಹೇಳಿ ಕ್ಯಾನು ಹಿಡಿದು ಹೊರಟುಹೋದಳು. ನಾನು ಆ ಮಾತನ್ನು ಕೆಂಪಣ್ಣನವರಿಗೆ ಹೇಳಿಲ್ಲ.

ಕಳೆದ ಮಳೆಗಾಲದಲ್ಲಿ ಕೆಂಪಣ್ಣನವರಿಗೆ ಚಿಕೂನ್‌ಗುನ್ಯಾ ಬಂದು ಕಾಲು ಊರಲಾಗದೆ ಮಲಗಿದರು. ಬೆಳಗಿನ ಜಾವ ನಾಲ್ಕೂವರೆಗೆ ಫೋನು ಮಾಡಿದರು. "ಎದ್ದೇಳಕ್ಕೆ ಆಯ್ತಾ ಇಲ್ಲ ಸಾ. ಇವತ್ತೊಂದಿನ ನೀವೇ ಒಸಿ ಹೋಗ್ಬುಟ್ಟು ಹಾಕ್ಬುಡಿ," ಎಂದರು. ಮಕ್ಕಳಿಗೆ ಕಾರಣ ಹುಡುಕಿ ಎಂದು ಹೇಳಿಕೊಟ್ಟವನು ನಾನು. ಇದೆಲ್ಲ ಸುಳ್ಳು ಕೆಂಪಣ್ಣ, ಮಲಗಿಕೊಳ್ಳಿ ಎನ್ನಬೇಕಿತ್ತು. ಎನ್ನಲಿಲ್ಲ. ಸ್ವೆಟರ್ ಹಾಕಿಕೊಂಡು ಸ್ಕೂಟರ್ ತೆಗೆದೆ.

ಪಂಪ್‌ಹೌಸಿನ ಮುಂದೆ ನಿಂತು, ಬೆರಳು ಬಾಯಿಗಿಟ್ಟು, ನನಗೆ ಬಂದ ಹಾಗೆ ಉಸಿರು ಮುಗಿಯುವ ತನಕ ಸಿಳ್ಳೆ ಹಾಕಿದೆ. ನನ್ನ ಸಿಳ್ಳೆ ಅವನಿಗೆ ಗುರುತು ಸಿಗುತ್ತದೋ ಇಲ್ಲವೋ ಎಂಬ ಯೋಚನೆ ಆಗ ಬಂತು. ಆಲಿಸುತ್ತ ನಿಲ್ಲುವ ಧೈರ್ಯವಾಗಲಿಲ್ಲ. ಓಡಿ ಬಂದು ಸ್ಕೂಟರ್ ಸ್ಟಾರ್ಟ್ ಮಾಡಿ, ಬೇರೆ ಯಾವ ಸದ್ದೂ ಕಿವಿಗೆ ಬೀಳದಿರಲೆಂದು, ಟಾರ್ ರಸ್ತೆ ಸಿಗುವವರೆಗೂ ಎಕ್ಸಲರೇಟರ್ ತಿರುವುತ್ತಲೇ ಇದ್ದೆ.